ಹೊಂಬಣ್ಣನ ಕೆಸರುಂಡೆಗಳು

ಮಕ್ಕಳೇ, ಒಂದು ಕಾಡಿನ ಅಂಚಿನಲ್ಲಿ ಕೆರೆಯಿತ್ತು. ಕೆರೆಯ ಮೇಲಕ್ಕೆ ಬಾಗಿದ ಜಾಲಿಮರದ ತುಂಬ ಗೀಜಗಗಳ ಗೂಡುಗಳು ಸೋರೆಬುರುಡೆಗಳಂತೆ ತೂಗುತ್ತಿದ್ದವು. ನೀರಿನ ಮೇಲೆಯೇ ಏಕೆ ಎಂದು ನೀವು ಕೇಳಬಹುದು. ಸುತ್ತ ಮುಳ್ಳು, ಕೆಳಗೆ ನೀರು ಇದ್ದರೆ ಹಾವಿಗೆ ದಾರಿ ಕಷ್ಟ, ಅದಕ್ಕೇ.

ಗೀಜಗಗಳಲ್ಲಿ ಒಂದು ಪದ್ಧತಿಯಿದೆ. ಗಂಡು ಅರ್ಧ ಗೂಡು ನೇಯುತ್ತದೆ. ಹೆಣ್ಣು ಬಂದು ಒಳಹೊಕ್ಕು, ಎಳೆ ಎಳೆಯನ್ನೂ ಜಗ್ಗಿ ನೋಡುತ್ತದೆ. ಒಪ್ಪಿದರೆ ಸಂಸಾರ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಕೆಂಚಿ ಎಂಬ ಹೆಣ್ಣು ಗೂಡು ನೋಡಲು ಬಂದ ದಿನ ಹೊಂಬಣ್ಣನೆಂಬ ಗೀಜಗನ ಎದೆ ಢವಢವ ಎಂದದ್ದರಲ್ಲಿ ತಪ್ಪೇನಿಲ್ಲ. ಪಕ್ಕದ ಗೂಡಿನ ತಿಪ್ಪಣ್ಣನಂತೂ ತನ್ನ ಸರದಿಯಲ್ಲಿ ಗಾಬರಿಗೆ ಕೊಂಬೆಯಿಂದಲೇ ಜಾರಿದ್ದ.

ಕೆಂಚಿ ಒಪ್ಪಿದಳು. ಗೂಡು ಪೂರ್ತಿಯಾಯಿತು. ಒಳಗೆ ಮೊಟ್ಟೆಗಳೂ ಬಂದವು.

ತಿಪ್ಪಣ್ಣನ ಹೆದರಿಕೆ ಹೆಂಡತಿ ಒಪ್ಪಿದ ದಿನವೇ ಇಳಿದಿತ್ತು. ಹೊಂಬಣ್ಣನದು ಇಳಿಯಲಿಲ್ಲ. ಗಾಳಿ ಬೀಸಿದ ದಿನ ಗೂಡು ಬಿದ್ದೀತೆಂಬ ಭಯ. ಬೀಸದ ದಿನ ನಾಳೆ ಬೀಸೀತೆಂಬ ಭಯ. ಕಾಳು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಒಡೆದ ಮೊಟ್ಟೆಗಳೇ ಕಾಣುತ್ತಿದ್ದವು.

ಗೂಡು ಹೆಚ್ಚು ಓಲಾಡದಿರಲೆಂದು ಗೀಜಗಗಳು ಒಳಗೋಡೆಗೆ ಒಂದಿಷ್ಟು ಹಸಿ ಕೆಸರು ಮೆತ್ತುತ್ತವೆ. ಹೊಂಬಣ್ಣನೂ ಮೆತ್ತಿದ್ದ. ಈಗ ಇನ್ನೊಂದು ಉಂಡೆ ತಂದು ಮೆತ್ತಿದ. ಮನಸ್ಸು ಹಗುರಾಯಿತು. ಆದರೆ ಆ ಕೆಸರು ಒಣಗುವ ಮೊದಲೇ ಭಯ ಮರಳಿತು. ಮತ್ತೊಂದು ತಂದ. ಹೀಗೆ ತರುತ್ತಲೇ ಹೋದ. ಸಾಕು ಎಂದು ಕೆಂಚಿ ಬೇಡಿಕೊಂಡಳು, ಜಗಳವನ್ನೂ ಆಡಿದಳು.

"ಏನಪ್ಪಾ, ಕೋಟೆ ಕಟ್ಟುತ್ತಿದ್ದೀಯಾ? ಬುರುಜು ಯಾವಾಗ?" ಎಂದು ತಿಪ್ಪಣ್ಣ ಛೇಡಿಸಿದ.

ಒಂದು ಮಧ್ಯಾಹ್ನ, ಎಲೆಯೂ ಅಲುಗದ ಹೊತ್ತಿನಲ್ಲಿ, ಕೊಂಬೆ ಲಟಕ್ಕೆಂದಿತು. ಮುರಿಯಲಿಲ್ಲ, ಆದರೆ ಭಾರಕ್ಕೆ ಬಾಗಿತು. ಗೂಡಿನ ಕೊಳವೆಯಂಥ ಬಾಗಿಲು ನೀರಿಗೆ ತಾಗಿತು. ಇನ್ನು ಸ್ವಲ್ಪ ಇಳಿದರೆ ಮೊಟ್ಟೆಗಳು ನೀರುಪಾಲು.

ಕೆಂಚಿ ಒಳಗಿನಿಂದಲೇ ಹೇಳಿದಳು: "ಗಾಳಿ ಎಲ್ಲಿದೆ ರೀ? ನಮ್ಮನ್ನು ಕೆಳಕ್ಕೆ ಎಳೆಯುತ್ತಿರುವುದು ನಿಮ್ಮ ಕೆಸರು."

ಹೊಂಬಣ್ಣ ಏನು ಮಾಡಿದ ಗೊತ್ತೇ? ಗಾಬರಿಯಲ್ಲಿ ಮತ್ತೆ ಕೆಸರಿಗೇ ಹಾರಿದ. ದಡದಲ್ಲಿ ಮೀನಿಗೆ ಕಾದಿದ್ದ ಮಿಂಚುಳ್ಳಿ ನೀಲಜ್ಜಿ ಅವನನ್ನು ತಡೆದು, ಏನು ವಿಷಯವೆಂದು ಕೇಳಿದಳು. ಅವನು ಎಲ್ಲವನ್ನೂ ಹೇಳಿ, "ಹೆದರಿಕೆ ಎಲ್ಲರಿಗೂ ಇರುತ್ತದಲ್ಲ ಅಜ್ಜಿ?" ಎಂದ.

"ಇರುತ್ತದೆ ಮಗಾ. ನೀರಿಗೆ ಧುಮುಕುವ ಮುಂಚೆ ಈಗಲೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಮೀನು ಸಿಗಲಿ, ತಪ್ಪಲಿ, ಮೇಲೆ ಬಂದು ಮೈ ಒದರಿದರೆ ಅದೂ ಹೋಗುತ್ತದೆ. ನಿನ್ನದು ಯಾವತ್ತು ಹೋಗಿತ್ತು?"

ಹೊಂಬಣ್ಣ ಯೋಚಿಸಿದ. ಅಂಥ ಒಂದು ದಿನವೂ ನೆನಪಾಗಲಿಲ್ಲ.

"ಹಾಗಾದರೆ ಅದು ಬೇರೆ ಜಾತಿಯದು," ಎಂದಳು ನೀಲಜ್ಜಿ. "ಅದು ಬಂದದ್ದು ನಿನ್ನ ತಪ್ಪಲ್ಲ. ಆದರೆ ಕೆಸರು ಅದಕ್ಕೆ ಮದ್ದಲ್ಲ. ಒಬ್ಬನೇ ಹೊರಬೇಡ, ಹೋಗಿ ನಿನ್ನವರಿಗೆ ಹೇಳು."

ಹೊಂಬಣ್ಣನಿಗೆ ನಾಚಿಕೆಯಾಯಿತು. ಆದರೂ ಹೋದ. "ತಿಪ್ಪಣ್ಣಾ, ನನ್ನಿಂದ ನಿಲ್ಲಿಸಲು ಆಗುತ್ತಿಲ್ಲ. ಸ್ವಲ್ಪ ಬಾ," ಎಂದ.

ತಿಪ್ಪಣ್ಣ ನಗಲಿಲ್ಲ. ಅಕ್ಕಪಕ್ಕದ ಗೀಜಗಗಳನ್ನೂ ಕರೆತಂದ. ಒಣಗಿದ ಕೆಸರನ್ನು ಎಲ್ಲರೂ ಕುಕ್ಕಿ ಕುಕ್ಕಿ ಉದುರಿಸಿದರು. ಒಂದೊಂದು ಹೆಂಟೆ ನೀರಿಗೆ ಬಿದ್ದಂತೆ ಕೊಂಬೆ ಮೇಲೇರಿತು. ಮೊಟ್ಟೆಗಳು ಉಳಿದವು.

ಭಯ ಅಂದೇ ಓಡಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮರುದಿನ ಅದು ಮತ್ತೆ ಬಂತು. ಹೊಂಬಣ್ಣ ಕೆಸರಿನ ಕಡೆ ಹಾರದೆ ಕೆಂಚಿಯ ಬಳಿ ಹೋಗಿ, "ಬಂದಿದೆ ಕಣೇ," ಎಂದ.

"ಬರಲಿ ಬಿಡಿ, ಇಲ್ಲೇ ಕೂತಿರಿ," ಎಂದು ಅವಳು ಜಾಗ ಬಿಟ್ಟಳು.

ಹೀಗೆ ಹೇಳಿಕೊಳ್ಳುತ್ತಾ, ನೀಲಜ್ಜಿಯ ಹತ್ತಿರ ಆಗಾಗ ಹೋಗಿಬರುತ್ತಾ ಇದ್ದಂತೆ ಆ ಭಯ ಸಣ್ಣದಾಯಿತು. ಮರಿಗಳು ಹೊರಬಂದ ದಿನ ಗಾಳಿ ಜೋರಾಗಿ ಬೀಸುತ್ತಿತ್ತು. ಹೊಂಬಣ್ಣ ಅವುಗಳಿಗೆ ಹುಳ ತರಲು ಹೋಗಿದ್ದ.

ನೀತಿ: ಬಂದು ಹೋಗುವ ಹೆದರಿಕೆ ಸಹಜ; ಕಾರಣ ಮುಗಿದರೂ ಹೋಗದೆ ಊಟ, ನಿದ್ದೆ ಕೆಡಿಸುವ ಆತಂಕವನ್ನು ಒಬ್ಬರೇ ಹೊರದೆ, ನಂಬಿದವರಿಗೆ ಹೇಳಿ ನೆರವು ಪಡೆಯಬೇಕು.