ಬರಲಿರುವ ಎಂಜಿನ್ನೂ ಹೊಸಲಿಗೆ ಬಂದ ಕೂಸೂ

ಕರಡಿಗುಡ್ಡದ ಬುಡದಲ್ಲಿರುವ ತೊರೆಪೇಟೆಯಲ್ಲಿ ಶಾಂತಮಲ್ಲಪ್ಪನೆಂಬ ಗೃಹಸ್ಥನಿದ್ದನು. ಅವನಿಗೆ ಒಂದು ಹಿಟ್ಟಿನ ಮಿಲ್ಲು ಇದ್ದಿತು. ತಂದೆಯ ಕಾಲದಲ್ಲಿ ಆ ಮಿಲ್ಲು ಡೀಸೆಲ್ ಎಂಜಿನ್ನಿನಿಂದ ನಡೆಯುತ್ತಿದ್ದುದರಿಂದ, ಸದ್ದನ್ನು ಕೇಳಿಯೇ ಎಂಜಿನ್ನಿನ ಒಡಲಿನ ಬೇನೆಯನ್ನು ಹೇಳಬಲ್ಲ ಕಿವಿ ಅವನಿಗೆ ಎಳವೆಯಲ್ಲೇ ಒದಗಿತ್ತು. ಬೀದಿಯಲ್ಲಿ ಹಾದುಹೋಗುವ ಲಾರಿಯ ರೋಗವನ್ನು ಅವನು ಕುಳಿತಲ್ಲಿಂದಲೇ ಹೇಳುತ್ತಿದ್ದನು. ಹತ್ತರಲ್ಲಿ ಎಂಟು ಸಲ ಅದು ನಿಜವಾಗಿರುತ್ತಿತ್ತು. ಉಳಿದ ಎರಡು ಸಲ ಮೆಕ್ಯಾನಿಕನೇ ತಪ್ಪು ತಿಳಿದಿರುವನೆಂದು ಅವನ ವಾದ.

ಇಂಥವನಿಗೆ ಒಂದು ಕಾರು ಕೊಳ್ಳಬೇಕೆಂಬ ಬಯಕೆ ಹುಟ್ಟಿತು. ಕಾರನ್ನು ಅವನು ಆರಿಸಿಯೂ ಆಗಿತ್ತು. ಗುಡ್ಡ ಹತ್ತಬಲ್ಲ, ಪೇಟೆಯ ಓಣಿಯಲ್ಲೂ ತಿರುಗಬಲ್ಲ, ಒಂದು ಚಿಕ್ಕ ಎಸ್‌ಯುವಿ. ಬಣ್ಣವೂ ನಿಶ್ಚಯವಾಗಿತ್ತು. ನಿಶ್ಚಯವಾಗದೆ ಉಳಿದುದು ಎಂಜಿನ್ನು ಮಾತ್ರ. ಅಂಗಡಿಯಲ್ಲಿ ಆಗ ಸಿಗುತ್ತಿದ್ದುದು ಸಾದಾ ಪೆಟ್ರೋಲ್ ಎಂಜಿನ್ನು. ಆದರೆ ಮುಂದೆ ಬಲ ಹೆಚ್ಚಿಸಿದ ಟರ್ಬೊ ಬರುವುದೆಂದು ಕೆಲವರು, ಬ್ಯಾಟರಿ ಕೂಡಿಸಿದ ಹೈಬ್ರಿಡ್ ಬರುವುದೆಂದು ಹಲವರು, ಡೀಸೆಲ್ ಮರಳಿ ಬರುವುದೆಂದು ಇನ್ನೂ ಕೆಲವರು ಮೊಬೈಲಿನಲ್ಲಿ ಬರೆಯುತ್ತಿದ್ದರು. ಶಾಂತಮಲ್ಲಪ್ಪನು ಎಲ್ಲವನ್ನೂ ಓದಿ, ಪ್ರತಿದಿನ ಬೆಳಗ್ಗೆ ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತು ತೀರ್ಪು ಕೊಡುತ್ತಿದ್ದನು.

"ಡೀಸೆಲ್ ನಿಲ್ಲಿಸೇಬಿಡ್ತಾರಂತೆ, ಮಲ್ಲಪ್ಪಣ್ಣ," ಎಂದು ಒಬ್ಬನು ಕೆಣಕುವನು.

"ನಿಲ್ಲಿಸಿದ್ರೆ ಗುಡ್ಡ ಹತ್ತೋರು ಏನ್ ಮಾಡ್ಬೇಕು? ಯುಗಾದಿ ಹೊತ್ತಿಗೆ ಹೈಬ್ರಿಡ್ ಬತ್ತದೆ. ಬೇಕಾದ್ರೆ ಬರ್ಕೊ."

"ಎಲ್ಲಿ ಬರ್ಕೊಳ್ಳಲಿ? ನೀವು ದಸರಾಕ್ಕೆ ಹೇಳಿದ್ದೇ ಗೋಡೆ ಮೇಲೆ ಇನ್ನೂ ಅಳಿಸಿಲ್ಲ," ಎಂದು ಟೀ ಅಂಗಡಿಯವನು ಸೀಮೆಸುಣ್ಣದ ಗೀಟನ್ನು ತೋರಿಸುವನು. ಎಲ್ಲರೂ ನಗುವರು. ಶಾಂತಮಲ್ಲಪ್ಪನೂ ನಗುವನು. ಅವನು ಕೆಟ್ಟವನಲ್ಲ. ಬರಲಿರುವುದರ ರುಚಿ ಇರುವುದರ ರುಚಿಗಿಂತ ಹೆಚ್ಚೆಂದು ಅವನ ನಾಲಗೆಗೆ ಅಭ್ಯಾಸವಾಗಿತ್ತು, ಅಷ್ಟೆ.

ಮಿಲ್ಲಿಗೆ ಅಂಟಿಕೊಂಡಿದ್ದ ಮನೆಯಲ್ಲಿ ಅವನ ಅಕ್ಕ ದೇವೀರಮ್ಮ ಇದ್ದಳು. ಮೂವತ್ತು ವರ್ಷ ಗುಡ್ಡದ ಮೇಲಿನ ಊರುಗಳಲ್ಲಿ ಸರ್ಕಾರದ ನರ್ಸಾಗಿ ದುಡಿದು, ನೂರಾರು ಕೂಸುಗಳನ್ನು ಈ ಲೋಕಕ್ಕೆ ಬರಮಾಡಿಕೊಂಡವಳು. ಆಗ ನಡೆದ ನಡಿಗೆಯ ಫಲವಾಗಿ ಈಗ ಅವಳ ಎರಡು ಮಂಡಿಗಳೂ ಮೆಟ್ಟಿಲು ಹತ್ತಲು ಒಲ್ಲೆವೆನ್ನುತ್ತಿದ್ದವು. ಗುಡ್ಡದವರು ಇಂದಿಗೂ ಅವಳನ್ನು ನರ್ಸಮ್ಮನೆಂದೇ ಕರೆಯುತ್ತಿದ್ದರು.

ಆ ಗುಡ್ಡದ ಮೇಲೆ ಮೇಲುದೊಡ್ಡಿಯೆಂಬ ಪುಟ್ಟ ಊರಿದೆ. ಅಲ್ಲಿ ಒಂದು ಪದ್ಧತಿಯುಂಟು. ಒಬ್ಬ ಹೆಣ್ಣುಮಗಳು ಹುಟ್ಟಿದಾಗ ಆಕೆಯನ್ನು ಯಾರು ಮೊದಲು ಕೈಯಲ್ಲಿ ಹಿಡಿದರೋ, ಆಕೆಯ ಚೊಚ್ಚಲ ಕೂಸಿನ ಕಿವಿಯಲ್ಲಿ ಹೆಸರನ್ನು ಉಸಿರುವ ಹಕ್ಕು ಅವರದು. ಕೂಸು ತಾನಾಗಿ ಹೊಸಲು ದಾಟುವುದರೊಳಗೆ ಅದು ನಡೆದುಹೋಗಬೇಕು. ಹೆಸರಿಲ್ಲದ ಕೂಸು ಹೊಸಲು ದಾಟಿತೆಂದರೆ, ಅಂಗಳದಲ್ಲಿ ಮೊದಲು ಎದುರಾದವರು ಏನೆಂದು ಕರೆದರೆ ಅದೇ ಅದರ ಹೆಸರು. ಹಕ್ಕುಳ್ಳವರು ಎಷ್ಟು ಹಿರಿಯರಾಗಿದ್ದರೂ ಆಮೇಲೆ ಬರಿಯ ನೆಂಟರು.

ಮೇಲುದೊಡ್ಡಿಯ ರಾಜಮ್ಮಣಿಯನ್ನು ಇಪ್ಪತ್ತಮೂರು ವರ್ಷಗಳ ಹಿಂದೆ ಕೈಯಲ್ಲಿ ಹಿಡಿದವಳು ದೇವೀರಮ್ಮ. ಆ ರಾಜಮ್ಮಣಿಗೆ ಈಗ ಆಷಾಢದಲ್ಲಿ ಚೊಚ್ಚಲ ಹೆಣ್ಣು ಕೂಸು ಹುಟ್ಟಿತು. ದಿನವೂ ಗುಡ್ಡದಿಂದ ಹಾಲಿನ ಕ್ಯಾನುಗಳನ್ನು ತರುವ ಜೀಪಿನ ಜವರಯ್ಯನು ಸುದ್ದಿ ತಂದನು: "ನರ್ಸಮ್ಮಾ, ದೀಪಾವಳಿಗೆ ಹೆಸ್ರು ಮಡಗ್ಬೇಕಂತೆ. ನೀವೇ ಬರ್ಬೇಕಂತೆ."

ದೇವೀರಮ್ಮನು ಕೂಸಿಗೆಂದು ಬಟ್ಟೆಯ ತುಂಡುಗಳಿಂದ ಒಂದು ಸಣ್ಣ ಕೌದಿಯನ್ನು ಹೊಲಿಯತೊಡಗಿದಳು. ಆದರೆ ಶಾಂತಮಲ್ಲಪ್ಪನು, "ಅಕ್ಕ, ನಿನ್ನನ್ನ ಹಾಲಿನ ಜೀಪಲ್ಲಿ ಕಳ್ಸಕ್ಕಾಯ್ತದಾ? ಅದರ ಮೆಟ್ಟಿಲು ನೋಡು, ನಿನ್ನ ಸೊಂಟದ ಎತ್ತರಕ್ಕದೆ. ಟರ್ಬೊ ಬರ್ಲಿ, ನಮ್ಮ ಕಾರಲ್ಲೇ ಹೋಗೋಣ," ಎಂದನು. ತಮ್ಮನ ಪ್ರೀತಿಯ ಮಾತು. ಅಕ್ಕನು ಒಪ್ಪಿದಳು. ಗುಡ್ಡದವರೂ ಒಪ್ಪಿದರು.

ದೀಪಾವಳಿಗೆ ಟರ್ಬೊ ಬರಲಿಲ್ಲ. ಸಂಕ್ರಾಂತಿಗೆ ಎಂದು ಹೇಳಿ ಕಳುಹಿಸಿದನು. ಸಂಕ್ರಾಂತಿಯ ಹೊತ್ತಿಗೆ, ಟರ್ಬೊ ಅಲ್ಲ, ಹೈಬ್ರಿಡ್ ಎಂಬ ಮಾತು ಬಲವಾಯಿತು. ಹೈಬ್ರಿಡ್ ಬರುವುದಾದರೆ ಟರ್ಬೊ ಕೊಳ್ಳುವವನು ಮೂಢನಲ್ಲವೆ? ಶಿವರಾತ್ರಿಗೆ ಎಂದನು. ಕೌದಿ ಮುಗಿದು, ಅದಕ್ಕೆ ಅಂಚೂ ಆಗಿ, ಅಂಚಿಗೆ ಕುಚ್ಚೂ ಆಯಿತು. ಕೂಸನ್ನು ಮನೆಯವರು ಕೂಸೆಂದೇ ಕರೆಯುತ್ತಿದ್ದರು.

ಶಿವರಾತ್ರಿ ಕಳೆದ ಮೂರನೆಯ ಬೆಳಗ್ಗೆ ಜವರಯ್ಯನು ಮಿಲ್ಲಿನ ಮುಂದೆ ಜೀಪು ನಿಲ್ಲಿಸಿ ಇಳಿದನು.

"ಮಲ್ಲಪ್ಪಣ್ಣ, ಕೂಸು ಅಂಬೆಗಾಲಿಕ್ಕಿ ಹೊಸಲ ತನಕ ಬಂದದೆ. ಅಡ್ಡ ಒಂದು ಮಣೆ ಇಟ್ಟವ್ರೆ. ನೆನ್ನೆ ಮಣೆ ತಳ್ತು ಅಂತ ಇನ್ನೊಂದು ಮಣೆ ಇಟ್ಟವ್ರೆ. ರಾಜಮ್ಮಣಿ ನೀರಿಗೂ ಹೋಗ್ದೆ ಕಾವಲು ಕೂತವ್ಳೆ. ಎಂಜಿನ್ನಿಗೆ ಹೆಸ್ರು ಮಡಗಿದ್ಮೇಲೆ ಕೂಸಿಗೆ ಮಡಗೋದಾ, ಹೆಂಗೆ?"

ಒಳಗಿನಿಂದ ದೇವೀರಮ್ಮನು ಕೌದಿಯ ಗಂಟನ್ನು ಹಿಡಿದುಕೊಂಡು ಜಗಲಿಗೆ ಬಂದಳು. "ನಾನು ಇವತ್ತೇ ಇವನ ಜೀಪಲ್ಲಿ ಹೋಗಿಬರ್ತೀನಿ ಕಣಪ್ಪ," ಎಂದಳು.

ಶಾಂತಮಲ್ಲಪ್ಪನ ಮುಖದಲ್ಲಿ ಬೇರೊಂದು ಬೆಳಕಿತ್ತು. "ಒಂದೇ ದಿನ ತಡಿ, ಅಕ್ಕ. ಮೈಮೇಲೆಲ್ಲ ಕಪ್ಪು ಬಿಳಿ ಚಿತ್ತಾರದ ಹೊದಿಕೆ ಹಾಕ್ಕೊಂಡು, ಕಂಪನಿಯ ಹೆಸ್ರೂ ಕಾಣದ ಹಂಗೆ, ಒಂದು ಕಾರು ಗುಡ್ಡದ ಮೇಲೆ ಪರೀಕ್ಷೆಗೆ ಓಡ್ತಾ ಅದಂತೆ. ನಾವು ಕಾಯ್ತಿರೋ ಕಾರೇ ಅದು. ಹೊದಿಕೆ ಕಣ್ಣಿಗೆ, ಕಿವಿಗಲ್ಲ. ನಾನೊಂದು ಸಲ ಸದ್ದು ಕೇಳಿದ್ರೆ ಎಂಜಿನ್ ಯಾವುದು ಅಂತ ಗೊತ್ತಾಯ್ತದೆ. ನಾಳೆಯೇ ಬುಕಿಂಗ್ ಮಾಡ್ತೀನಿ."

ಹೀಗೆಂದು ಅವನು ಜವರಯ್ಯನ ಜೀಪನ್ನೇ ಹತ್ತಿ ಕುಳಿತನು. ಅಕ್ಕನಿಗೆ ಆಗದೆಂದ ಜೀಪಿನಲ್ಲಿ, ಅಕ್ಕ ಹೋಗಬೇಕಾದ ದಾರಿಯಲ್ಲೇ ಅವನು ಹೊರಟನು. ದೇವೀರಮ್ಮನು ಗಂಟನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕುಳಿತಳು.

ಆರನೆಯ ತಿರುವಿನಲ್ಲಿ ಶಾಂತಮಲ್ಲಪ್ಪನು ಇಳಿದುಕೊಂಡನು. ಜೀಪು ಮೇಲೆ ಹೋಯಿತು. ಅವನು ರಸ್ತೆಯಂಚಿನ ತಡೆಗೋಡೆಯ ಮೇಲೆ ಕುಳಿತು, ಕಣ್ಣು ಮುಚ್ಚಿ, ಕಿವಿಯನ್ನು ಕಣಿವೆಯ ಕಡೆಗೆ ಒಡ್ಡಿದನು. ಸ್ವಲ್ಪ ಹೊತ್ತಿನಲ್ಲೇ ಆ ಚಿತ್ತಾರದ ಕಾರು ಕೆಳಗಿನಿಂದ ಏರಿ ಬಂದು, ಮೇಲೆ ಹೋಗಿ, ಮರಳಿ ಇಳಿದು, ಮತ್ತೆ ಏರಿ ಬಂದಿತು. ಮೂರನೆಯ ಸಲ ಅದು ಅವನ ಎದುರಿಗೇ ನಿಂತಿತು. ಅದರಿಂದ ಅನ್ವರನೆಂಬ ಡ್ರೈವರನು ಇಳಿದು, ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಂಡನು.

"ಮೂರು ಸಿಲಿಂಡರು. ಟರ್ಬೊ ಅದೆ," ಎಂದನು ಶಾಂತಮಲ್ಲಪ್ಪ. "ಬ್ಯಾಟರಿಯೂ ಅದೆಯೋ ಇಲ್ವೋ, ಅದೊಂದು ಹೇಳ್ಬುಡಿ."

ಅನ್ವರನು ನಕ್ಕನು. "ಹೇಳಿದ್ರೆ ನನ್ನ ಕೆಲಸ ಹೋಗುತ್ತೆ, ಯಜಮಾನ್ರೇ. ಟೀ ಬೇಕಾದ್ರೆ ಕೊಡ್ತೀನಿ."

"ಯಾವಾಗ ಬತ್ತದೆ ಇದು? ಅದನ್ನಾದ್ರೂ ಹೇಳಿ."

"ಬರಬಹುದು. ಬರದೇನೂ ಇರಬಹುದು. ಇಂಥವು ಮೂರು ಎಂಜಿನ್ ನಾನು ಓಡಿಸಿದೀನಿ. ಒಂದು ಅಂಗಡಿಗೆ ಬಂತು, ಎರಡು ಬರಲೇ ಇಲ್ಲ." ಅವನು ಟೀಯನ್ನು ಊದಿ ಕುಡಿದು, ಮೇಲಿನ ರಸ್ತೆಯ ಕಡೆಗೆ ಕೈತೋರಿದನು. "ಅಲ್ಲಿ ಒಂದು ಬಿಳೀ ಕಲ್ಲಿದೆಯಲ್ಲ, ನಾನು ಅಲ್ಲೀ ತನಕ ಹತ್ತಬೇಕು, ತಿರುಗಬೇಕು. ಈ ಗುಡ್ಡಾನ ನೂರಾ ಎಂಬತ್ತು ಸಲ ಹತ್ತಿದೀನಿ. ಕಲ್ಲಿನಿಂದ ಆಚೆ ಏನಿದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಏನಿದೆ?"

"ಮೇಲುದೊಡ್ಡಿ ಅಂತ ಒಂದು ಊರು."

"ಓ, ಊರಿದೆಯಾ? ನೀವು ಇಷ್ಟೊಂದು ವಿಚಾರಿಸ್ತೀರಲ್ಲ, ಕಾರು ತಗೊಂಡು ಎಲ್ಲಿಗೆ ಹೋಗ್ಬೇಕು ನಿಮಗೆ?"

ಶಾಂತಮಲ್ಲಪ್ಪನು ಬಾಯಿ ತೆರೆದನು. ಟೀ ಅಂಗಡಿಯ ಬೆಂಚಿನ ಮೇಲೆ ಇಷ್ಟು ದಿನ ಯಾರೂ ಅವನನ್ನು ಈ ಪ್ರಶ್ನೆ ಕೇಳಿರಲಿಲ್ಲ. ಎಂಜಿನ್ನುಗಳ ಪಟ್ಟಿ ನಾಲಗೆಯ ತುದಿಯಲ್ಲಿದ್ದಿತು, ಊರಿನ ಹೆಸರು ಎಲ್ಲೋ ತಳದಲ್ಲಿದ್ದಿತು. ಅದನ್ನು ಹುಡುಕಿ ತೆಗೆದು, ಮೆಲ್ಲಗೆ, "ಮೇಲುದೊಡ್ಡಿಗೆ," ಎಂದನು.

"ಇದೇ ಊರಿಗಾ? ಎಷ್ಟು ದೂರ?"

"ಬಿಳೀ ಕಲ್ಲಿಂದ ಆಚೆಗೆ ಎರಡು ಮೈಲಿ."

ಅನ್ವರನು ಲೋಟವನ್ನು ಒದರಿ, ಕಾರು ಹತ್ತಿ, ಬಿಳಿಯ ಕಲ್ಲಿನ ತನಕ ಹೋಗಿ ತಿರುಗಿಕೊಂಡು ಇಳಿದುಹೋದನು. ಅದರ ಸದ್ದನ್ನು ಶಾಂತಮಲ್ಲಪ್ಪನ ಕಿವಿ ಈಗ ಹಿಂಬಾಲಿಸಲಿಲ್ಲ. ನಾಳೆಯ ಎಂಜಿನ್ನನ್ನು ನಿತ್ಯವೂ ಓಡಿಸುವವನು ಎರಡು ಮೈಲಿಯ ಆಚೆಯ ಊರನ್ನು ಕಂಡಿಲ್ಲ. ಅದನ್ನು ಕಾಯುತ್ತ ಕುಳಿತ ತಾನು, ಕಂಡ ಊರನ್ನೇ ಮರೆತಿದ್ದನು. ಜಗಲಿಯ ಮೇಲೆ ಗಂಟು ಹಿಡಿದು ಕುಳಿತ ಅಕ್ಕನ ಮುಖವು ಅವನ ಕಣ್ಣಿನ ಮುಂದೆ ಬಂದು ನಿಂತಿತು.

ಜವರಯ್ಯನ ಜೀಪು ಇಳಿದು ಬಂದಾಗ ಅವನು ಗೋಡೆಯ ಮೇಲೆ ಕುಳಿತಿರಲಿಲ್ಲ. ರಸ್ತೆಯ ನಡುವೆ ನಿಂತು ಕೈ ಬೀಸುತ್ತಿದ್ದನು.

"ಎರಡನೇ ಮಣೆಯೂ ಉರುಳ್ತು," ಎಂದನು ಜವರಯ್ಯ. "ಈಗ ರಾಗಿ ಮೂಟೆ ಇಟ್ಟವ್ರೆ. ಅಂಗಳದಲ್ಲಿ ಪಕ್ಕದ ಮನೆಯೋರೆಲ್ಲ ಬಂದು ಕೂತವ್ರೆ. ಒಬ್ಬ ಅಂತೂ, ಮೊದ್ಲು ನಾನೇ ಕರಿಯೋದು, ಗುಂಡಿ ಅಂತ ಕರಿತೀನಿ, ಅಂತವ್ನೆ."

"ಜವರ, ಬೇಗ ನಡಿ. ಹಾಲು ಇಳಿಸಿ ಮತ್ತೆ ಹತ್ತೋಣ."

"ಎಂಜಿನ್ ಯಾವುದು ಅಂತ ಗೊತ್ತಾಯ್ತಾ, ಅಣ್ಣ?"

"ನಿಂದೇ," ಎಂದನು ಶಾಂತಮಲ್ಲಪ್ಪ.

ಮನೆಯ ಮುಂದೆ ಜೀಪು ನಿಂತಾಗ, ಎತ್ತರದ ಮೆಟ್ಟಿಲಿನ ಸಮಸ್ಯೆ ಎದುರಾಯಿತು. ನಾಲ್ಕು ತಿಂಗಳಿಂದ ಅದನ್ನೇ ಕಾರಣವೆಂದು ಹೇಳುತ್ತ ಬಂದವನು ಅವನು. ಈಗ ಮಿಲ್ಲಿನೊಳಗೆ ಹೋಗಿ, ತಾನು ದಿನವೂ ಕುಳಿತುಕೊಳ್ಳುವ ಮರದ ಸ್ಟೂಲನ್ನು ತಂದು ಜೀಪಿನ ಕೆಳಗಿಟ್ಟನು. ದೇವೀರಮ್ಮನು ಅವನ ಭುಜ ಹಿಡಿದು, ಸ್ಟೂಲಿನ ಮೇಲೆ ಒಂದು ಹೆಜ್ಜೆ, ಜೀಪಿನೊಳಗೆ ಒಂದು ಹೆಜ್ಜೆ ಇಟ್ಟು, ಮುಂದಿನ ಸೀಟಿನಲ್ಲಿ ಕುಳಿತಳು.

"ಈ ಸ್ಟೂಲು ನಮ್ಮನೇಲಿ ಯಾವಾಗಿಂದ ಅದಪ್ಪ?" ಎಂದು ಕೇಳಿದಳು.

"ಅಪ್ಪನ ಕಾಲದಿಂದ ಅದೆ, ಅಕ್ಕ," ಎಂದನು ತಮ್ಮ, ತಲೆ ತಗ್ಗಿಸಿ. ಅಕ್ಕನು ನಕ್ಕಳು. ಸೆರಗಿನ ಮರೆಯಲ್ಲಿ ನಕ್ಕ ಆ ನಗೆ ಅವನಿಗೆ ಬೈಗುಳಕ್ಕಿಂತ ಹಿತವಾಗಿಯೂ ಖಾರವಾಗಿಯೂ ಇತ್ತು.

ಜೀಪು ಕೆಮ್ಮುತ್ತ ಏರಿತು. ಅದರ ಎಂಜಿನ್ನಿನಲ್ಲಿ ನಾಲ್ಕು ಬೇನೆಗಳಿರುವುದನ್ನು ಶಾಂತಮಲ್ಲಪ್ಪನು ಗುರುತಿಸಿದನು, ಒಂದನ್ನೂ ಹೇಳಲಿಲ್ಲ. ಆರನೆಯ ತಿರುವು ಬಂದಾಗ ದೇವೀರಮ್ಮನು ಹೊರಗೆ ಬೆರಳು ತೋರಿದಳು.

"ಇಲ್ಲೇ ರಾಜಮ್ಮಣಿ ಹುಟ್ಟಿದ್ದು. ಅವಳವ್ವನ್ನ ಎತ್ತಿನಗಾಡೀಲಿ ಆಸ್ಪತ್ರೆಗೆ ಇಳಿಸ್ತಿದ್ರು. ಗಾಡಿ ಅಚ್ಚು ಮುರೀತು. ಬೇರೆ ಗಾಡಿ ತರಕ್ಕೆ ಒಬ್ಬ ಓಡಿದ. ಕೂಸು ಕಾಯ್ತದಾ? ಈ ತಡೆಗೋಡೆ ಪಕ್ಕದಲ್ಲೇ ಸೀರೆ ಮರೆ ಮಾಡಿ ಹೆರಿಗೆ ಮಾಡಿಸ್ದೆ. ಆ ಇನ್ನೊಂದು ಗಾಡಿ ಬಂದಾಗ ಹುಡುಗಿ ಹಾಲು ಕುಡಿದು ಮಲಗಿತ್ತು."

ಶಾಂತಮಲ್ಲಪ್ಪನು ತಾನು ಬೆಳಗ್ಗೆ ಕುಳಿತಿದ್ದ ಗೋಡೆಯನ್ನು ನೋಡಿದನು. ಬಿಳಿಯ ಕಲ್ಲು ಹಿಂದೆ ಸರಿಯಿತು.

ಇಳಿಹೊತ್ತಿನ ಬಿಸಿಲಿನಲ್ಲಿ ಅವರು ಮೇಲುದೊಡ್ಡಿಯನ್ನು ಮುಟ್ಟಿದರು. ರಾಜಮ್ಮಣಿಯ ಮನೆಯ ಹೊಸಲಿಗೆ ಅಡ್ಡವಾಗಿ ರಾಗಿಯ ಮೂಟೆ ಬಿದ್ದಿತ್ತು. ಅದರ ಒಂದು ತುದಿಯಿಂದ ಒಂದು ಪುಟ್ಟ ಕೈ ಹೊರಗೆ ಬಂದು, ಅಂಗಳದ ಗಾಳಿಯನ್ನು ಹಿಡಿಯುತ್ತಿತ್ತು. ಕೈ ದಾಟಿತ್ತು, ಕೂಸು ದಾಟಿರಲಿಲ್ಲ. ಕೈ ದಾಟಿದರೆ ದಾಟಿದಂತೆಯೋ ಅಲ್ಲವೋ ಎಂದು ಅಂಗಳದಲ್ಲಿ ವಾದ ನಡೆದಿತ್ತು. ಜೀಪು ನಿಂತೊಡನೆ ವಾದವೂ ನಿಂತಿತು.

ಶಾಂತಮಲ್ಲಪ್ಪನು ಸ್ಟೂಲನ್ನಿಟ್ಟು ಅಕ್ಕನನ್ನು ಇಳಿಸಿದನು. ಹಿತ್ತಿಲ ಬಾಗಿಲಿನಿಂದ ಅವಳನ್ನು ಒಳಗೆ ಕರೆದೊಯ್ದರು. ಅವಳು ನಡುಮನೆಯಲ್ಲಿ ಕೌದಿಯನ್ನು ಹಾಸಿ, ಕೂಸನ್ನು ಎತ್ತಿ ಮಡಿಲಲ್ಲಿ ಮಲಗಿಸಿ, ಅದರ ಕಿವಿಗೆ ಬಾಯಿ ತಂದು ಮೂರು ಸಲ ಹೆಸರನ್ನು ಉಸಿರಿದಳು. ಕಣಿವೆಯ ಆಚೆಯಿಂದ ಸಿಲಿಂಡರುಗಳನ್ನು ಎಣಿಸಬಲ್ಲ ಶಾಂತಮಲ್ಲಪ್ಪನಿಗೆ ಎರಡು ಮಾರು ದೂರದ ಆ ಹೆಸರು ಕೇಳಿಸಲಿಲ್ಲ. ಅದು ಅವನಿಗಾಗಿ ಹೇಳಿದ್ದಾಗಿರಲಿಲ್ಲ.

ಬಳಿಕ ಮೂಟೆಯನ್ನು ಎಳೆದರು. ಜವರಯ್ಯನೊಡನೆ ಅಂಗಳದಲ್ಲಿ ನಿಂತಿದ್ದ ರಾಜಮ್ಮಣಿಯು, "ಚೆಲುವಾಂಬೆ, ಬಾ," ಎಂದು ಕರೆದಳು. ಕೂಸು ಒಮ್ಮೆ ಹಿಂದಿರುಗಿ ನರ್ಸಮ್ಮನನ್ನು ನೋಡಿ, ಹೊಸಲ ಮೇಲೆ ಹೊಟ್ಟೆ ಎಳೆದುಕೊಂಡು, ಹೆಸರಿನೊಡನೆ ಹೊರಗೆ ಬಂದಿತು. ಗುಂಡಿಯೆಂದು ಕರೆಯಲು ಸಿದ್ಧನಾಗಿದ್ದವನಿಗೆ ಎಲ್ಲರಿಗಿಂತ ಮೊದಲು ಪಾಯಸ ಸಿಕ್ಕಿತು.

ಮುಂದಿನ ತಿಂಗಳು ಶಾಂತಮಲ್ಲಪ್ಪನು ಅಂಗಡಿಯಲ್ಲಿದ್ದ ಸಾದಾ ಪೆಟ್ರೋಲ್ ಎಂಜಿನ್ನಿನ ಕಾರನ್ನೇ ಕೊಂಡು ತಂದನು. ಟೀ ಅಂಗಡಿಯಲ್ಲಿ, "ಇನ್ನಾರು ತಿಂಗಳು ತಡೆದಿದ್ರೆ ಹೈಬ್ರಿಡ್ ಬರ್ತಿತ್ತಲ್ಲ, ಮಲ್ಲಪ್ಪಣ್ಣ," ಎಂದರು. "ಬರ್ಲಿ. ಹಿಂದಿಂದ ಹಾರ್ನ್ ಹೊಡೆದ್ರೆ ದಾರಿ ಬಿಡ್ತೀನಿ," ಎಂದು ಅವನು ಟೀ ಕುಡಿದು ಎದ್ದನು. ಚೆಲುವಾಂಬೆ ನಡೆಯಲು ಕಲಿತಿದ್ದಾಳೆಂಬ ಸುದ್ದಿ ಬಂದ ದಿನ ಅಕ್ಕನನ್ನು ಕೂರಿಸಿಕೊಂಡು ಗುಡ್ಡ ಹತ್ತಿದನು. ಬಿಳಿಯ ಕಲ್ಲಿನ ಬಳಿ ಚಿತ್ತಾರದ ಕಾರು ನಿಂತಿತ್ತು. ಅನ್ವರನು ನೆರಳಿನಲ್ಲಿ ಊಟದ ಡಬ್ಬಿಯನ್ನು ಬಿಚ್ಚುತ್ತಿದ್ದನು.

"ಡಬ್ಬಿ ಮುಚ್ಚಿ, ಹತ್ತಿ," ಎಂದನು ಶಾಂತಮಲ್ಲಪ್ಪ, ಹಿಂದಿನ ಬಾಗಿಲು ತೆರೆದು. "ಎರಡೇ ಮೈಲಿ. ಮೇಲೆ ಏನದೆ ಅಂತ ನೋಡ್ಕೊಂಡು, ಊಟ ಮಾಡ್ಕೊಂಡು ಬರೋರಂತೆ."

ನೀತಿ: ಬಂಡಿಯನ್ನು ವಿಚಾರಿಸಿ ಕೊಳ್ಳುವುದು ವಿವೇಕವೇ ಸರಿ. ಆದರೆ ಹೋಗಬೇಕಾದ ಊರನ್ನು ಮೊದಲು ನೆನೆದು, ಬಂಡಿಯನ್ನು ಆಮೇಲೆ ಆರಿಸಬೇಕು. ನಾಳೆ ಬರಬಹುದಾದ ಲೇಸಿಗಾಗಿ, ಇಂದು ನಮ್ಮ ದಾರಿ ನೋಡುತ್ತಿರುವವರನ್ನು ಕಾಯಿಸಬಾರದು.