ಕುಂಕುಮದ ಕೆಳಗಿನ ನಂಬರು

ಶಿಷ್ಯ ಕೇಳಿದ: “ಗುರುಗಳೇ, ಒಬ್ಬನೇ ಕೂತು ನಿನ್ನನ್ನು ನೀನು ನೋಡಿಕೋ ಎನ್ನುತ್ತೀರಿ. ನನಗೆ ಭಯ. ಊರವರು ನನ್ನನ್ನು ದೊಡ್ಡ ಸಾಧಕನೆಂದು ನಂಬಿದ್ದಾರೆ. ನೋಡಿದಾಗ ಒಳಗೆ ಏನೂ ಇಲ್ಲವೆಂದು ತಿಳಿದರೆ? ಅದೊಂದನ್ನು ಬಿಟ್ಟು ಬೇರೆ ಯಾವ ಸಾಧನೆಯನ್ನಾದರೂ ಹೇಳಿ, ಮಾಡುತ್ತೇನೆ.”

ಗುರುಗಳು ಹೇಳಿದರು:

ಒಬ್ಬ ವ್ಯಾಪಾರಿಯಿದ್ದ. ಅವನ ಬಳಿ ತಂದೆಯ ಕಾಲದ ವಿಲಾಯಿತಿ ಮೋಟಾರ್‌ಸೈಕಲ್ ಇತ್ತು. ಅದು ಯಾವ ಇಸವಿಯದೆಂದು ತಂದೆ ಹೇಳಿರಲಿಲ್ಲ, ಮಗ ಕೇಳಿರಲಿಲ್ಲ. ತಂದೆ ತೀರಿಕೊಂಡ ಮೇಲೆ ಯಾರೋ ವಿಚಾರಿಸಿದಾಗ ಐವತ್ತನೇ ಇಸವಿಯದು ಎಂದುಬಿಟ್ಟ. ಕೇಳಿದವನು ಹುಬ್ಬೇರಿಸಿದ. ವ್ಯಾಪಾರಿಗೆ ಅದು ಬಹಳ ಹಿತವಾಯಿತು. ಮರುವರ್ಷ ನಲವತ್ತೇಳರದು ಎಂದ. ಲೋಕದ ಗಾಡಿಗಳಿಗೆಲ್ಲ ವರ್ಷಕ್ಕೆ ಒಂದು ವರ್ಷ ವಯಸ್ಸಾದರೆ ಇವನ ಗಾಡಿಗೆ ಮೂರು ನಾಲ್ಕು ವರ್ಷ ವಯಸ್ಸಾಗುತ್ತಿತ್ತು. ಕೊನೆಗೆ ಅದು ಮೂವತ್ತೆಂಟನೇ ಇಸವಿಗೆ ಬಂದು ನಿಂತಿತು. ಅಷ್ಟು ಹೊತ್ತಿಗೆ ಅವನೂ ಅದನ್ನು ಅರ್ಧ ನಂಬಿದ್ದ.

ನಿಜವೇನೂ ದೂರ ಇರಲಿಲ್ಲ. ಎಂಜಿನ್ನಿನ ಮಗ್ಗುಲಲ್ಲಿ ಅಚ್ಚೊತ್ತಿದ ನಂಬರಿತ್ತು. ಅದರ ಮೊದಲ ಅಕ್ಷರ ಗಾಡಿಯ ಮಾದರಿಯನ್ನು ಹೇಳುತ್ತದೆ, ಮುಂದಿನ ಅಂಕಿಗಳು ಇಸವಿಯನ್ನು. ಆದರೆ ಆಯುಧಪೂಜೆಯ ದಿನ ವಿಭೂತಿ ಬಳಿದು ಕುಂಕುಮ ಇಡುವುದಕ್ಕೆ ಅಷ್ಟು ಚಪ್ಪಟೆಯಾದ ಜಾಗ ಗಾಡಿಯಲ್ಲಿ ಬೇರೆ ಇರಲಿಲ್ಲ. ತಂದೆ ಅಲ್ಲೇ ಇಟ್ಟರು, ಮಗನೂ ಅಲ್ಲೇ ಇಟ್ಟ. ಎಣ್ಣೆ ಕುಡಿದ ಕುಂಕುಮ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗಿ ನಂಬರು ಮುಚ್ಚಿಹೋಯಿತು. ಒರೆಸಿ ನೋಡೋಣ ಎಂದು ಯಾರಾದರೂ ಕೈ ಚಾಚಿದರೆ, “ಅಯ್ಯಯ್ಯೋ, ದೇವರ ಕುಂಕುಮ ಕಣ್ರೀ, ಮುಟ್ಬೇಡಿ!” ಎಂದು ವ್ಯಾಪಾರಿ ಅಡ್ಡ ಬರುತ್ತಿದ್ದ. ಅವನಷ್ಟು ದೈವಭಕ್ತ ಆ ಬೀದಿಯಲ್ಲಿ ಇನ್ನೊಬ್ಬನಿರಲಿಲ್ಲ.

ಒಂದು ವರ್ಷ ಆ ಊರಿನಲ್ಲಿ ಹಳೆಯ ಗಾಡಿಗಳ ಮೆರವಣಿಗೆ ಏರ್ಪಾಡಾಯಿತು. ಎಲ್ಲಕ್ಕಿಂತ ಹಳೆಯ ಗಾಡಿ ಮುಂದೆ, ಉಳಿದವು ಅದರ ಹಿಂದೆ. ಮುಂದಿನ ಜಾಗ ತನ್ನದೇ ಎಂದು ವ್ಯಾಪಾರಿ ಸಾರಿದ. ಹೊಸ ಪೇಟ ತಂದ. ನೋಡಲು ಬನ್ನಿ ಎಂದು ಬೀಗರನ್ನೆಲ್ಲ ಕರೆಸಿಕೊಂಡ. ಮೆರವಣಿಗೆಯ ಹಿಂದಿನ ದಿನ ಸುದ್ದಿ ಬಂತು: ಪರೀಕ್ಷಕರೊಬ್ಬರು ಬಂದು ಪ್ರತಿ ಗಾಡಿಯ ನಂಬರು ಓದಿ ಇಸವಿ ಹೇಳುತ್ತಾರೆ. ವ್ಯಾಪಾರಿ ಯೋಚನೆಗೆ ಬಿದ್ದ. ಐವತ್ತೆಂಟೋ ಅರವತ್ತೋ ಎಂದು ಬಂದರೆ ಬೀಗರ ಮುಂದೆ ತಲೆ ಎತ್ತುವುದು ಹೇಗೆ?

ಮಧ್ಯಾಹ್ನ ಮನೆಯವರೆಲ್ಲ ಮಲಗಿದ್ದಾಗ ಅವನು ಕಬ್ಬಿಣ ಉಜ್ಜುವ ಅರ ಹಿಡಿದು ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಕುಂಕುಮ ಉದುರಿತು. ಕೆಳಗೆ ಅಂಕಿ ಇಣುಕುತ್ತಲೇ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ಓದಿಬಿಟ್ಟರೆ ಗೊತ್ತಾಗಿಬಿಡುತ್ತದಲ್ಲ! ಕಣ್ಣು ಮುಚ್ಚಿಯೇ ಉಜ್ಜಿದ. ತೆರೆದು ನೋಡಿದಾಗ ಆ ಜಾಗ ಬೆಳಗಿದ ತಟ್ಟೆಯಂತೆ ಹೊಳೆಯುತ್ತಿತ್ತು. ಅದರ ಮೇಲೆ ಹೊಸ ಕುಂಕುಮ ಮೆತ್ತಿ, ಕೈಮುಗಿದು, ಒಳಗೆ ಹೋಗಿ ನೆಮ್ಮದಿಯಾಗಿ ಕಾಫಿ ಕುಡಿದ.

ಮರುದಿನ ಪರೀಕ್ಷಕರು ಬಂದರು. ಎಂಜಿನ್ನಿನ ಕಡೆ ಅವರು ನೋಡಲೇ ಇಲ್ಲ. ಮೊದಲು ಸೀಟಿನ ಕೆಳಗೆ ಬಗ್ಗಿ, ಚೌಕಟ್ಟಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲಿನಿಂದ ತೀಡಿದರು. ಕಾಗದದ ಮೇಲೆ ಒಂದು ನಂಬರು ಮೂಡಿತು. ಗಾಡಿಯಲ್ಲಿ ಎರಡು ಕಡೆ ನಂಬರಿರುತ್ತದೆಂದು ವ್ಯಾಪಾರಿಗೆ ತಿಳಿದದ್ದು ಆಗಲೇ.

“ಸ್ವಾಮಿ, ಇದು ಮೂವತ್ತೆಂಟರದಲ್ಲ” ಎಂದರು ಪರೀಕ್ಷಕರು. ವ್ಯಾಪಾರಿ ಪೇಟ ಸರಿಮಾಡಿಕೊಂಡ. “ಮೂವತ್ತೊಂದರದು! ಇದರ ಮುಂದೆ ಇಲ್ಲಿರೋವೆಲ್ಲ ಮೊನ್ನೆ ಮೊನ್ನೆ ಹುಟ್ಟಿದ್ದು. ಎಂಜಿನ್ನೂ ಅದೇ ಇಸವಿ ಹೇಳಿದ್ರೆ ಮುಗೀತು, ಮುಂದಿನ ಜಾಗ ನಿಮ್ಮದೇ.”

ಅವರು ಸೀಮೆಎಣ್ಣೆಯ ಬಟ್ಟೆಯಿಂದ ಕುಂಕುಮ ಒರೆಸಿದರು. ಅಲ್ಲಿ ಅವರಿಗೆ ತಮ್ಮ ಮುಖವೇ ಕಾಣಿಸಿತು.

“ಯಾರ್ರೀ ಇದನ್ನ ಉಜ್ಜಿದ್ದು?”

ಕದ್ದ ಎಂಜಿನ್ನಿನ ನಂಬರನ್ನು ಹೀಗೆ ಉಜ್ಜುತ್ತಾರೆಂಬುದು ಅಲ್ಲಿದ್ದವರಿಗೆಲ್ಲ ಗೊತ್ತು. ತಾನೇ ಉಜ್ಜಿದೆ ಎಂದರೆ ಸುಳ್ಳುಗಾರನಾಗುತ್ತಾನೆ. ಗೊತ್ತಿಲ್ಲ ಎಂದರೆ ಕಳ್ಳನಾಗುತ್ತಾನೆ. ವ್ಯಾಪಾರಿ ಒಮ್ಮೆ ಬೀಗರ ಕಡೆ ನೋಡಿದ, ಒಮ್ಮೆ ಆಕಾಶದ ಕಡೆ ನೋಡಿದ.

“ಇಲಿ ಇರ್ಬೇಕು ಸ್ವಾಮಿ” ಎಂದ.

ಮೆರವಣಿಗೆಯ ಬಾಲದಲ್ಲೂ ಅವನಿಗೆ ಜಾಗ ಸಿಗಲಿಲ್ಲ. ಊರಿಗೇ ಹಳೆಯದಾದ ಗಾಡಿಯನ್ನು, ಪಾಪ, ಪೇಟ ಸುತ್ತಿಕೊಂಡೇ ಹಿಂದಿನ ಬೀದಿಯಲ್ಲಿ ತಳ್ಳಿಕೊಂಡು ಮನೆ ಸೇರಿದ. ದಾರಿಯುದ್ದಕ್ಕೂ ಅಳುತ್ತಿದ್ದನಂತೆ.

ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. “ಎಂಥ ಮೂಢ, ಗುರುಗಳೇ! ಉಜ್ಜುವ ಮೊದಲು ಒಂದು ಸಲ ಓದಬಾರದಿತ್ತೆ?”

ಅವನ ನಗು ನಿಲ್ಲುವವರೆಗೆ ಕಾದು ಗುರುಗಳು ಕೇಳಿದರು: “ನೀನು ಓದಿದ್ದೀಯಾ?”