ಮುನ್ನೂರು ಕುಡಿಕೆ, ತೊಂಬತ್ತು ಕೈ

ಇನ್ನೂ ಸ್ವಲ್ಪ ಹತ್ತಿರ ಬನ್ನಿ. ಇದು ಹೆದರಿಸೋ ಕಥೆ. ಹೆದರಿಕೆ ಆದವರು ಪಕ್ಕದವರ ಕೈ ಹಿಡ್ಕೊಳ್ಳಿ, ನಾನೇನೂ ನಗೋದಿಲ್ಲ. ಹೇಳೋವಾಗ ನನಗೂ ಆಗುತ್ತೆ.

ನೇರಳಕೋಟೆ ಅಂತ ಒಂದು ರಾಜ್ಯ. ಅದಕ್ಕೆ ಬೊಮ್ಮರಸ ಅಂತ ಒಬ್ಬ ರಾಜ. ಕೆಟ್ಟವನಲ್ಲ, ಪುಕ್ಕಲ. ಧೈರ್ಯ ಹೇಳುವವರು ಯಾರು ಸಿಕ್ಕಿದರೂ ಅವರ ಹಿಂದೆಯೇ ಹೋಗುತ್ತಿದ್ದ.

ಒಂದು ವರ್ಷ ಆ ರಾಜ್ಯಕ್ಕೆ ನಡುಕದ ಜ್ವರ ಬಂತು. ಬೆಳಿಗ್ಗೆ ಮೈ ಬಿಸಿ, ಮಧ್ಯಾಹ್ನ ಹಲ್ಲು ಕಟಕಟ, ಸಂಜೆಗೆ ಮಾತೇ ಇಲ್ಲ. ಆಗ ಅರಮನೆಯ ವೈದ್ಯ ಮಾಣಿಕ್ಯ ಪಂಡಿತ ಮುಂದೆ ಬಂದ. "ನನ್ನ ಕಷಾಯ ಕುಡಿದವನು ಎಂಟನೇ ದಿನಕ್ಕೆ ಎದ್ದು ಓಡಾಡುತ್ತಾನೆ ಪ್ರಭು" ಅಂದ. ರಾಜ ಹೂಂ ಅಂದ.

ಪಂಡಿತ ಒಂದು ಪದ್ಧತಿ ಮಾಡಿದ. ಕಷಾಯವನ್ನು ಹೊಸ ಮಣ್ಣಿನ ಕುಡಿಕೆಯಲ್ಲೇ ಕುಡಿಯಬೇಕು. ಕುಡಿದ ಮೇಲೆ ಅದನ್ನು ಹೊಸ್ತಿಲಲ್ಲೇ ಒಡೆಯಬೇಕು. ಗುಣವಾದವನು ಎಂಟನೇ ದಿನ ಪಂಡಿತನ ಮನೆಗೆ ಬಂದು, ಅಂಗೈಗೆ ಕೆಮ್ಮಣ್ಣು ಬಳಿದುಕೊಂಡು, ಗೋಡೆಗೆ ಒತ್ತಿ ಹೋಗಬೇಕು. ದಿನ ಕಳೆದ ಹಾಗೆ ಗೋಡೆ ತುಂಬ ಕೆಂಪು ಕೈ. ದೊಡ್ಡ ಕೈ, ಸಣ್ಣ ಕೈ, ಬಳೆಯ ಗುರುತಿರೋ ಕೈ. ರಾಜ ದಿನಾ ಬಂದು ಗೋಡೆ ನೋಡುತ್ತಿದ್ದ. "ಅಬ್ಬ, ಎಷ್ಟೊಂದು ಕೈ!" ಅಂತ ಉಸಿರು ಬಿಟ್ಟು ಹೋಗುತ್ತಿದ್ದ.

ಆದರೂ ಕೇಳುವವರು ಕೇಳಿದರು. ನೇಕಾರ ಕೇಳಿದ, "ಪಂಡಿತರೇ, ಇದರಲ್ಲಿ ಏನು ಹಾಕಿದೀರಿ?" ಶಾಲೆಯ ಐಗಳು ಕೇಳಿದರು, "ನನ್ನ ಹೆಂಡತಿಯೂ ಕುಡಿದಳಲ್ಲ, ಯಾಕೆ ಏಳಲಿಲ್ಲ?" ಅಗಸಗಿತ್ತಿ ಕೇಳಿದಳು, "ಜ್ವರ ಇಲ್ದಿರೋಳು ನಾನ್ಯಾಕಪ್ಪ ಕುಡೀಬೇಕು?"

ಪಂಡಿತ ರಾಜನ ಕಿವಿಯಲ್ಲಿ ಹೇಳಿದ. "ಪ್ರಶ್ನೆ ಕೇಳೋರ ಮೈಯಲ್ಲಿ ಜ್ವರ ಅಡಗಿ ಕೂತಿರುತ್ತೆ ಪ್ರಭು. ಕೇಳಿದವರಿಗೇ ಮೊದಲ ಕುಡಿಕೆ ಕುಡಿಸಬೇಕು." ಪುಕ್ಕಲ ರಾಜ ಅದಕ್ಕೂ ಮುದ್ರೆ ಒತ್ತಿದ. ಭಟರು ನೇಕಾರನ ಮೂಗು ಹಿಡಿದು ಕುಡಿಸಿದರು. ಐಗಳಿಗೆ ಕುಡಿಸಿದರು. ಅಗಸಗಿತ್ತಿಗೂ ಕುಡಿಸಿದರು. ಎಂಟು ದಿನ ಕಳೀತು. ಆ ಮೂವರ ಕೈ ಗೋಡೆಗೆ ಬರಲಿಲ್ಲ. ಅವತ್ತಿನಿಂದ ಊರಿನಲ್ಲಿ ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಮಕ್ಕಳು "ಅವ್ವ, ಯಾಕೆ?" ಅಂದರೂ ತಾಯಂದಿರು ಬಾಯಿಗೆ ಕೈ ಅಡ್ಡ ಇಡುತ್ತಿದ್ದರು.

ಆ ಕುಡಿಕೆಗಳನ್ನೆಲ್ಲ ಮಾಡಿಕೊಡುತ್ತಿದ್ದವಳು ಕುಂಬಾರರ ಮಂಚಮ್ಮ. ಅವಳಿಗೆ ಏಳು ವರ್ಷದ ಮಗಳು, ಚೆಲುವಿ. ನನ್ನ ಕುಡಿಕೆಯಿಂದ ಜನ ಬದುಕುತ್ತಿದ್ದಾರೆ ಅಂತ ಮಂಚಮ್ಮನಿಗೆ ಒಳಗೊಳಗೇ ಜಂಬ ಬೇರೆ.

ಒಂದು ದಿನ ತಮಟೆ ಬಂತು. "ಕೇಳ್ರಪ್ಪೋ ಕೇಳಿ! ಇವತ್ತಿಗೆ ನಾಲ್ಕನೇ ದಿನ ಊರಿನ ಮಕ್ಕಳೆಲ್ಲ ಅರಮನೆ ಅಂಗಳಕ್ಕೆ ಬರಬೇಕು! ಜ್ವರ ಇರಲಿ, ಬಿಡಲಿ, ಕಷಾಯ ಕುಡೀಬೇಕು!"

ಅವತ್ತೇ ಚೆಲುವಿಯ ಮೈ ಕಾವೇರಿತ್ತು. ಮಂಚಮ್ಮ ಧೈರ್ಯ ತಂದುಕೊಳ್ಳೋಣ ಅಂತ ಪಂಡಿತನ ಗೋಡೆ ಮುಂದೆ ಹೋಗಿ ನಿಂತಳು. ಸುಮ್ಮನೆ ಕೈಗಳನ್ನು ಎಣಿಸಿದಳು. ತೊಂಬತ್ತು. ಮನೆಗೆ ಬಂದು ಸೂರಿನ ಹಗ್ಗ ನೋಡಿದಳು. ಆವಿಗೆಯ ಗೂಡಿನಲ್ಲಿ ಮೂವತ್ತು ಕುಡಿಕೆ ಸುಟ್ಟಾಗಲೆಲ್ಲ ಆ ಹಗ್ಗಕ್ಕೆ ಒಂದು ಗಂಟು ಹಾಕೋದು ಅವಳ ರೂಢಿ. ಹತ್ತು ಗಂಟು ಇದ್ದವು. ಹತ್ತು ಮೂವತ್ತಲ ಮುನ್ನೂರು!

ಕುಡಿಕೆ ಮುನ್ನೂರು, ಕೈ ತೊಂಬತ್ತು. ಮಿಕ್ಕ ಕೈ ಎಲ್ಲಿ?

ಆದರೆ ಅವಳು ಬೀದಿಗೆ ಬಂದು ಬೊಬ್ಬೆ ಹೊಡೆಯಲಿಲ್ಲ. "ಗುಣ ಆದೋರು ಸೋಮಾರಿತನಕ್ಕೆ ಕೈ ಒತ್ತೋಕೆ ಬರದೆ ಇದ್ದಿರಬೋದು. ನೋಡದೆ ಹೇಳಬಾರದು" ಅಂದುಕೊಂಡಳು. ಮಗಳನ್ನು ಅತ್ತೆಗೆ ಒಪ್ಪಿಸಿ ಹೊರಟಳು.

ಮೊದಲನೇ ದಿನ ಊರಿನ ಮೂರು ಬೀದಿ ಸುತ್ತಿದಳು. "ಬೇಕಾದ್ರೆ ಹೇಳಿ, ಬೇಡ ಅಂದ್ರೆ ಹೊರಟುಹೋಗ್ತೀನಿ. ನಿಮ್ಮ ಹೆಸರು ಎಲ್ಲೂ ಎತ್ತಲ್ಲ" ಅಂತ ಒಂದೊಂದು ಬಾಗಿಲಲ್ಲೂ ಮೆಲ್ಲಗೆ ಕೇಳಿದಳು. ಕೆಲವರು ಬಾಗಿಲು ಮುಚ್ಚಿದರು, ಅವಳು ಮತ್ತೆ ತಟ್ಟಲಿಲ್ಲ. ಕೆಲವರು ಮಾತಾಡಲಾರದೆ ಗೋಡೆಗೆ ಒರಗಿಸಿಟ್ಟ ಖಾಲಿ ಚಾಪೆ ತೋರಿಸಿದರು. ಲೆಕ್ಕ ಕೂಡಿತು. ಕುಡಿದ ಹತ್ತು ಜನದಲ್ಲಿ ಮೂವರು ಎದ್ದಿದ್ದರು, ಏಳು ಜನ ಮಣ್ಣಾಗಿದ್ದರು. ಮಂಚಮ್ಮ ತನ್ನ ಎರಡು ಕೈ ನೋಡಿಕೊಂಡು ಅತ್ತಳು. ಆ ಕುಡಿಕೆ ತಟ್ಟಿದ್ದು ಅದೇ ಕೈ.

ಆದರೂ ಅವಳಿಗೆ ಇನ್ನೊಂದು ಅನುಮಾನ. ಕೊಂದದ್ದು ಕಷಾಯವೋ, ಜ್ವರವೋ? ಕುಡಿಯದೆ ಇದ್ದರೂ ಅಷ್ಟೇ ಜನ ಸಾಯುತ್ತಿದ್ದರೋ ಏನೋ!

ಎರಡನೇ ದಿನ ತೆಪ್ಪದಲ್ಲಿ ಹೊಳೆ ದಾಟಿದಳು. ಆಚೆ ಮೂರು ಹಳ್ಳಿ. ಹೊಳೆ ತುಂಬಿದ್ದರಿಂದ ಪಂಡಿತನ ಪಲ್ಲಕ್ಕಿ ಅಲ್ಲಿಗೆ ಹೋಗಿರಲಿಲ್ಲ, ಜ್ವರ ಮಾತ್ರ ಹೋಗಿತ್ತು. ಅಲ್ಲಿಯವರು ಗಂಜಿ ಕುಡಿದು ಮಲಗಿದ್ದರು, ಅಷ್ಟೆ. ಬಿದ್ದ ಹತ್ತು ಜನದಲ್ಲಿ ಎಂಟು ಜನ ಎದ್ದಿದ್ದರು.

ಮೂರನೇ ದಿನ ಮನೆಯಲ್ಲೇ ಕೂತಳು. ಚೆಲುವಿ ನಡುಗುತ್ತಿದ್ದಳು. ಕೇಳಿದರೆ ತನಗೆ ಮೊದಲ ಕುಡಿಕೆ. ಕೇಳದಿದ್ದರೆ ನಾಳೆ ಮಗಳಿಗೆ.

ನಾಲ್ಕನೇ ದಿನ ಮಧ್ಯಾಹ್ನ. ಅಂಗಳದಲ್ಲಿ ಮಕ್ಕಳ ಸಾಲು. ಭಟರು ಚೆಲುವಿಯನ್ನೂ ಎಳೆದು ತಂದು ಹತ್ತು ಮಕ್ಕಳ ಮೊದಲ ಸಾಲಿನಲ್ಲಿ ನಿಲ್ಲಿಸಿದ್ದರು. ಎಲ್ಲರ ಮುಂದೆ ಕಪ್ಪು ಕಷಾಯದ ಹಂಡೆ. ಒಂದು ಮಗುವೂ ಅಳುತ್ತಿರಲಿಲ್ಲ. ಅಳುವುದಕ್ಕೂ ಹೆದರಿಕೆ.

ಮಂಚಮ್ಮ ರಾಜನ ಮುಂದೆ ಬಂದು ನೆಲ ಮುಟ್ಟಿದಳು. "ಬುದ್ಧೀ, ನಾನು ಪ್ರಶ್ನೆ ಕೇಳಕ್ಕೆ ಬಂದಿಲ್ಲ. ಕಂಡದ್ದು ಹೇಳಕ್ಕೆ ಬಂದಿದೀನಿ" ಅಂತ ಕುಡಿಕೆಯ ಲೆಕ್ಕ, ಕೈಯ ಲೆಕ್ಕ, ಹೊಳೆಯಾಚೆಯ ಲೆಕ್ಕ ಮೂರನ್ನೂ ಹೇಳಿದಳು.

ಪಂಡಿತ ನಕ್ಕ. "ಹೊಳೆಯಾಚೆಯವರು ಗಟ್ಟಿ ಮೈಯವರು ಪ್ರಭು. ಅದಕ್ಕೇ ಎದ್ದರು."

"ಅಲ್ಲಿಯ ಸೊಸೇರೆಲ್ಲ ನಮ್ಮೂರ ಹೆಣ್ಣುಮಕ್ಕಳು ಬುದ್ಧೀ" ಅಂದಳು ಮಂಚಮ್ಮ. "ಅಕ್ಕ ಅಲ್ಲಿ ಎದ್ದಳು, ತಂಗಿ ಇಲ್ಲಿ ಸತ್ತಳು. ಒಂದಲ್ಲ, ಹನ್ನೆರಡು ಮನೇಲಿ."

ರಾಜ ಬೆವೆತ. "ಹಾಗಾದರೆ ಸೆರೆಮನೆಯ ಐವತ್ತು ಜನಕ್ಕೆ ಕುಡಿಸಿ ನೋಡೋಣವೇ?"

"ಅವರೂ ಮನುಷ್ಯರೇ ಬುದ್ಧೀ! ನೋಡೋಕೆ ಇನ್ನೇನೂ ಉಳಿದಿಲ್ಲ." ಅಂದಳು. ಆಮೇಲೆ ತಾನು ತಂದಿದ್ದ ಬುಟ್ಟಿಯಿಂದ ಮೂರು ಕುಡಿಕೆ ತೆಗೆದು ಸಾಲಾಗಿ ಇಟ್ಟಳು. ಮೂರರಲ್ಲೂ ಕಪ್ಪು ಕಷಾಯ. "ಪಂಡಿತರು ಇದರಲ್ಲಿ ಯಾವುದಾದ್ರೂ ಒಂದನ್ನ ಕುಡೀಲಿ. ಆಮೇಲೆ ನನ್ನ ಮಗಳಿಗೆ ಕುಡಿಸಿ."

ಪಂಡಿತ ಮೊದಲನೆಯದನ್ನು ಮೂಸಿದ, ಇಟ್ಟ. ಎರಡನೆಯದನ್ನು ಮೂಸಿದ, ಇಟ್ಟ. ಮೂರನೆಯದನ್ನು ಎತ್ತಿದ. ಬಾಯಿ ತಪ್ಪಿ ಬಂತು ನೋಡಿ ಮಾತು: "ಇದರಲ್ಲಿ ಏನು ಹಾಕಿದೀಯೆ?"

ಭಟರ ದಳವಾಯಿ ಆಜ್ಞೆ ಅಂದರೆ ಆಜ್ಞೆ ಅನ್ನೋ ಮನುಷ್ಯ. "ಪಂಡಿತರು ಪ್ರಶ್ನೆ ಕೇಳಿದರು ಪ್ರಭು. ಕೇಳಿದವರಿಗೇ ಮೊದಲ ಕುಡಿಕೆ" ಅಂದವನೇ ಹಂಡೆಯಿಂದ ಮೊಗೆದು ತಂದ. ಇಬ್ಬರು ಭಟರು ಪಂಡಿತನ ತೋಳು ಹಿಡಿದರು, ಒಬ್ಬ ಮೂಗು ಹಿಡಿದ.

"ಬೇಡ! ಬೇಡ! ಅದರಲ್ಲಿ ಕಾಸರಕದ ಬೀಜ ಇದೆ! ವಿಷ ಅದು!" ಅಂತ ಪಂಡಿತ ಕಿರುಚಿದ. "ಮೊದಲ ಹತ್ತು ಜನ ಸತ್ತಾಗಲೇ ಗೊತ್ತಾಯ್ತು. ತಪ್ಪಾಯ್ತು ಅಂದರೆ ಮರ್ಯಾದೆ ಹೋಗುತ್ತೆ ಅಂತ ಸುಮ್ಮನಿದ್ದೆ. ಬದುಕಿದೋರ ಕೈ ಮಾತ್ರ ತೋರಿಸಿದೆ!"

ಕುಡಿಕೆ ಅವನ ತುಟಿಗೆ ತಾಗಿತ್ತು. ಜನ "ಕುಡಿಸಿ, ಕುಡಿಸಿ" ಅಂತ ಕೂಗಿದರು. ಹೆಂಡತಿ ಸತ್ತವರು, ಮಗ ಸತ್ತವರು. ನಾನಿದ್ದಿದ್ದರೆ ನಾನೂ ಕೂಗುತ್ತಿದ್ದೆ.

ಮಂಚಮ್ಮ ಮಾತ್ರ ಓಡಿಹೋಗಿ ಆ ಕುಡಿಕೆ ತಳ್ಳಿ ಒಡೆದಳು. "ಅವರು ಬೇಡ ಅಂದ್ರು, ಕೇಳಿಸಲಿಲ್ವಾ? ಬೇಡ ಅಂದೋರಿಗೆ ಕುಡಿಸಬಾರದು!" ಅಂದಳು. ಆಮೇಲೆ ತಾನು ತಂದ ಮೂರು ಕುಡಿಕೆಯನ್ನೂ ಎತ್ತಿ ಗಟಗಟ ಕುಡಿದಳು. "ಬೇವಿನ ಸೊಪ್ಪು, ಸುಟ್ಟ ಬೆಲ್ಲ. ಕೇಳಿದ್ದಕ್ಕೆ ಹೇಳಿದೀನಿ, ಪಂಡಿತರೇ."

ರಾಜ ಹಂಡೆಯನ್ನು ಗುಂಡಿಗೆ ಸುರಿಸಿದ. ತಪ್ಪಿನಲ್ಲಿ ತನ್ನದೂ ಪಾಲಿದೆ ಅಂತ ಜನರ ಮುಂದೆ ತಲೆ ತಗ್ಗಿಸಿದ. ಪಂಡಿತ ಒಂದೊಂದೇ ಮನೆಗೆ ಹೋಗಿ, ಏನು ಕುಡಿಸಿದೆ, ಯಾವಾಗ ಗೊತ್ತಾಯ್ತು ಅಂತ ಬಾಯಿಬಿಟ್ಟು ಹೇಳಬೇಕಾಯಿತು. ಸಾಯೋವರೆಗೆ ಅದೇ ಅವನ ಕೆಲಸ.

ಚೆಲುವಿ ಏನಾದಳು ಅಂತೀರಾ? ಜ್ವರ ಇನ್ನೂ ಇತ್ತಲ್ಲ. ಮಂಚಮ್ಮ ಗಂಜಿ ಕುಡಿಸುತ್ತ ಎಂಟು ದಿನ ಹೆದರಿಕೊಂಡೇ ಕೂತಳು. ಒಂಬತ್ತನೇ ದಿನ ಮಗು ಕಣ್ಣು ಬಿಟ್ಟು "ಅವ್ವ, ಹಸಿವು" ಅಂತು.

ನೆರೆಯವರು ಕುಣಿದರು. "ಗಂಜಿಯೇ ಮದ್ದು, ಊರಿಗೆಲ್ಲ ಸಾರೋಣ" ಅಂದರು. ಮಂಚಮ್ಮ ಮಗಳನ್ನು ತಬ್ಬಿಕೊಂಡು ಅಳುತ್ತಿದ್ದವಳು ತಲೆ ಎತ್ತಿದಳು.

"ಸಾರಬೇಡಿ. ಅವತ್ತು ಸಾಲಲ್ಲಿ ಚೆಲುವಿಯೂ ಸೇರಿ ನಿಂತಿದ್ದ ಹತ್ತು ಮಕ್ಕಳಿಗೂ ಜ್ವರ ಬಂತು, ಹತ್ತೂ ಗಂಜಿ ಕುಡಿದವು. ಎರಡು ಏಳಲಿಲ್ಲ. ಮೊದಲು ಅವುಗಳ ಹೆಸರು ಹೇಳಿ, ಆಮೇಲೆ ನನ್ನ ಮಗಳ ಹೆಸರು."

ನೀತಿ ಇಷ್ಟೇ ಮಕ್ಕಳೇ. ಗೆದ್ದದ್ದನ್ನು ಮಾತ್ರ ಎಣಿಸಿ ತೋರಿಸುವವನು ಸುಳ್ಳುಗಾರ. ಸೋತದ್ದನ್ನೂ ಎಣಿಸಿ, ಪಕ್ಕದಲ್ಲಿಟ್ಟು ಹೋಲಿಸಿ ನೋಡಿ. ಯಾರ ಮೇಲೆ ಏನು ಮಾಡಿ ನೋಡಬೇಕಾದರೂ ಮೊದಲು ಅವರಿಗೆ ಹೇಳಿ, ಅವರು ಒಪ್ಪಿದರೆ ಮಾತ್ರ ಮಾಡಿ. ಪ್ರಶ್ನೆ ಕೇಳಿದವರನ್ನು ಹೆದರಿಸುವವನು ಎಲ್ಲೇ ಸಿಗಲಿ, ಅವನು ಏನೋ ಬಚ್ಚಿಟ್ಟಿದ್ದಾನೆ ಅಂತ ತಿಳಿಯಿರಿ.

ನನ್ನ ಕಥೆ ಮುಗೀತು. ಇನ್ನು ನೀವು ಕೇಳಿ, ನಾನು ಹೇಳ್ತೀನಿ.